ಚಿಕ್ಕಪ್ಪನ ಹಕ್ಕಿ ಪಟಗಳು

ನಮ್ಮ ಚಿಕ್ಕಪ್ಪ ತೆಗೆದ ಹಕ್ಕಿ ಪಟಗಳಲ್ಲಿ ಹಕ್ಕಿಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಬಹಳ ಚೆನ್ನಾಗಿ ಬಂದಿರುತ್ತಿತ್ತು! ನುಗ್ಗೆಮರ, ಬಾವಿಕಟ್ಟೆ, ಕೊಟ್ಟಿಗೆಯ ಹೆಂಚು, ಒಮ್ಮೊಮ್ಮೆ ಅವರದೇ ಹೆಬ್ಬೆರಳು. ಹಕ್ಕಿ ಎಲ್ಲಿ ಎಂದರೆ ಸಿಟ್ಟಾಗುವವರೇ ಅಲ್ಲ. “ಇಲ್ಲೇ ಕೂತಿತ್ತು ಕಣವ್ವ, ಈಗ ತಾನೇ ಹಾರೋಯ್ತು” ಎಂದು ಪಟದೊಳಗಿಂದ ನಮ್ಮ ಕಣ್ಣೆದುರೇ ಹಾರಿಹೋಯಿತೆಂಬಂತೆ ಹೇಳುತ್ತಿದ್ದರು.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ಗುಂಡ್ಲುಪೇಟೆಯಲ್ಲಿ ಸೈಕಲ್ ಇಟ್ಟವನೆಂದರೆ ಅವನ ಗತ್ತೇ ಬೇರೆ. ಅಂಥ ಸೈಕಲ್ಲನ್ನು ಊಟಿಯ ಚಹಾ ತೋಟದಲ್ಲಿ ಲೆಕ್ಕ ಬರೆಯುವ ರೈಟರೊಬ್ಬನಿಗೆ ಕೊಟ್ಟು, ಬದಲಿಗೆ ಒಂದು ಕರಿ ಡಬ್ಬಿ ಕ್ಯಾಮೆರಾ ತಂದುಬಿಟ್ಟರು ಚಿಕ್ಕಪ್ಪ! ಅದೂ ಯಾವಾಗ? ನಾನು ಚೊಚ್ಚಲು ಹೆರಿಗೆಗೆಂದು ಚಾಮರಾಜನಗರದಿಂದ ತವರಿಗೆ ಬರುವುದಕ್ಕೆ ಹಿಂದಿನ ವಾರ.

“ಸೈಕಲ್ ಮ್ಯಾಲಾದ್ರೆ ಅಂಗ್ಡಿಗೆ ಓಗ್ತಿದ್ರಿ. ಇದರ ಮ್ಯಾಲೆ ಕೂತ್ಕಂಡು ಎಲ್ಲಿಗೋದೀರಿ?” ಎಂದು ಚಿಕ್ಕವ್ವ ಕೇಳಿದರು.

“ಹಿತ್ತಲಿಗೆ!” ಎಂದರು ಚಿಕ್ಕಪ್ಪ.

ಹೇಳಿದಂತೆ ಹಿತ್ತಲಲ್ಲೇ ನೆಲೆಯೂರಿದರು. ಅಟ್ಟದ ಮೇಲಿದ್ದ ತೊಟ್ಟಿಲು ಇಳಿಸಿ, ಸಡಿಲವಾದ ಕಾಲು ಬಿಗಿ ಮಾಡಿಕೊಡಿ ಎಂದು ಅವ್ವ ಅವರಿಗೆ ವಹಿಸಿದಳು. ಇಳಿಸಿದ್ದೇನೋ ನಿಜ. ಆದರೆ ದಾಸವಾಳದ ಗಿಡಕ್ಕೆ ಸೂರಕ್ಕಿ ಬರುವುದು ಕಂಡಿದ್ದೇ ತಡ, ತೊಟ್ಟಿಲನ್ನು ಮಗುಚಿ ಹಾಕಿ, ಮೇಲೊಂದು ಕರಿ ಕಂಬಳಿ ಹೊದಿಸಿ, ಅದರ ಹಿಂದೆ ಅವಿತು ಕೂತರು. ಮಜ್ಜಿಗೆಗೆ ಬಂದ ಪಕ್ಕದ ಮನೆ ಅಜ್ಜಿ ತೊಟ್ಟಿಲು ಒಣಹಾಕಿದ್ದಾರೆ ಎಂದುಕೊಂಡು ಹತ್ತಿರ ಹೋದಳು. ತೊಟ್ಟಿಲು ಮಾತಾಡಿತು! “ಒಸಿ ಸುಮ್ಕಿರಮ್ಮೋ, ಹಕ್ಕಿ ಬಂದು ಕೂರೋ ಹೊತ್ತು!” ಅಜ್ಜಿ ಚೊಂಬು ಅಲ್ಲೇ ಬಿಟ್ಟು ಓಡಿದಳು. ಹುಟ್ಟುವ ಮೊದಲೇ ಮಾತಾಡುವ ಕೂಸು ನಮ್ಮ ಮನೆಯಲ್ಲಿದೆ ಎಂದು ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ!

ಇನ್ನೊಂದು ದಿನ, ಕೂಸಿಗೆಂದು ಹಳೇ ಸೀರೆಗಳನ್ನು ಹರಿದು ಒಗೆದು ಅವ್ವ ಹಗ್ಗದ ಮೇಲೆ ಹಾಕಿದ್ದಳು. ಬಿಳಿ ಬಟ್ಟೆ ಕಂಡರೆ ಹಕ್ಕಿ ಬೆದರುತ್ತದೆ ಎಂದು ಚಿಕ್ಕಪ್ಪ ಅವನ್ನೆಲ್ಲ ಒಯ್ದು ಕೊಟ್ಟಿಗೆಯಲ್ಲಿ ಹರವಿದರು. ಹಸುವಿಗೆ ಬಲು ರುಚಿಸಿತು!

“ಅಲ್ಲ ಕಣಪ್ಪ, ಕೂಸಿಗೆ ಹೊದಿಸೋದ ಹಸ ತಿಂದ್ಬುಟ್ಟದಲ್ಲ” ಎಂದು ಅವ್ವ ತಲೆ ಚಚ್ಚಿಕೊಂಡಳು.

“ಬುಡಿ ಅತ್ಗೆ, ಹಾಲು ಕುಡಿಯೋದು ಆ ಕೂಸೇ ಅಲ್ವಾ?” ಎಂದು ಅವರ ಸಮಾಧಾನ. ಈ ನ್ಯಾಯಕ್ಕೆ ಎದುರು ವಾದ ಉಂಟೇ?

ಬಾಣಂತಿ ಲೇಹ್ಯಕ್ಕೆ ಮೆಣಸು ಹುರಿದರೆ, ಘಾಟಿಗೆ ಹಕ್ಕಿಗಳು ಸೀನುತ್ತವೆ ಎಂದು ಗೊಣಗುವರು. ಹಕ್ಕಿ ಸೀನಿದ್ದನ್ನು ನೋಡಿದವರು ಯಾರೋ!

ಒಂದು ಬೆಳಿಗ್ಗೆ ನನಗೆ ನೋವು ಶುರುವಾಯಿತು. ಬಾವಿಯ ರಾಟೆಯ ಮೇಲೆ ಮಿಂಚುಳ್ಳಿಯೊಂದು ಬಂದು ಕೂತ ಗಳಿಗೆಯೂ ಅದೇ. ಚಿಕ್ಕಪ್ಪ ಕಂಬಳಿಯೊಳಗೆ ಉಸಿರು ಬಿಗಿಹಿಡಿದಿದ್ದರು. ನಾನು ಕಿರುಚಿದ್ದು ಕಿವಿಗೆ ಬಿದ್ದಿತೋ ಇಲ್ಲವೋ, ಕ್ಯಾಮೆರಾ ಅಲ್ಲೇ ಬಿಸಾಕಿ, ತಲೆಯ ಮೇಲೆ ಕಂಬಳಿ ಇದ್ದಂತೆಯೇ ಪೇಟೆಬೀದಿ ತುಂಬ ಓಡಿದರಂತೆ! ಬೆವರಿ, ಬಾಗಿ, ಹೊಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತವರನ್ನು ಕಂಡು ಸೂಲಗಿತ್ತಿ ಕೇಳಿದಳಂತೆ: “ನೋವು ಯಾರ್ಗಪ್ಪ, ನಿಂಗಾ?”

ನನಗೇ! ಮಧ್ಯಾಹ್ನದವರೆಗೂ ಬಿಡಲಿಲ್ಲ. ಅವ್ವ ಮಾದೇಶ್ವರನಿಗೆ ಹರಕೆ ಹೊತ್ತಳು. ಚಿಕ್ಕಪ್ಪ ಹೊರಗೆ ಜಗಲಿಯ ಕಂಬ ತಬ್ಬಿ ನಿಂತವರು, ಕೂಸು ಅತ್ತ ಮೇಲೂ ಕಂಬ ಬಿಡಲಿಲ್ಲವಂತೆ. ಹೆಣ್ಣು ಕೂಸು. ಇಬ್ಬರೂ ಕ್ಷೇಮ.

ಆಮೇಲೆ ಬಾಣಂತಿ ಕೋಣೆ. ಗಾಳಿ ತಾಕಬಾರದೆಂದು ಕಿಟಕಿಗೆ ಗೋಣಿಚೀಲ, ಬಾಗಿಲಿಗೆ ಪರದೆ. ಹಗಲೋ ಇರುಳೋ ತಿಳಿಯದು. ಹೊರಗೆ ಹಿತ್ತಲು ಚಿಲಿಪಿಲಿಗುಟ್ಟುತ್ತಿತ್ತು, ನಾನು ಒಳಗೆ ಸಾಂಬ್ರಾಣಿ ಹೊಗೆ ಕುಡಿಯುತ್ತಿದ್ದೆ. ಯಾಕೆಂದು ಗೊತ್ತಿಲ್ಲದೆ ಅಳು ಬರುತ್ತಿತ್ತು.

ಅಂಥದ್ದರಲ್ಲಿ ಒಂದು ದಿನ ಚಿಕ್ಕಪ್ಪ ಹೇಳದೆ ಕೇಳದೆ ಚಾಮರಾಜನಗರದ ಬಸ್ಸು ಹತ್ತಿದರು. ಸಂಜೆ ಬಂದವರೇ ಸ್ಟುಡಿಯೋದ ಲಕೋಟೆಯನ್ನು ಪರದೆಯ ಸಂದಿನಿಂದ ಚಿಕ್ಕವ್ವನ ಕೈಗೆ ಕೊಟ್ಟು, ಹೊಸ್ತಿಲಾಚೆ ಕೂತರು. ಗಂಡಸರು ಒಳಗೆ ಬರುವಂತಿರಲಿಲ್ಲ.

“ನೋಡ್ಕೊ ಮಗಾ, ಹಿತ್ತಲ್ನೇ ಒಳಕ್ಕೆ ಕಳುಸ್ಬುಟ್ಟಿವ್ನಿ!”

ದೀಪ ಹಿಡಿದು ನೋಡಿದೆವು. ದಾಸವಾಳದ ಪಕ್ಕದಲ್ಲೊಂದು ಮಸಿಯ ಗೀರು. ಅದು ಸೂರಕ್ಕಿಯಂತೆ! ಬರೀ ರೆಂಬೆ. ಅದು ಪಿಕಳಾರ ಎದ್ದುಹೋದ ರೆಂಬೆಯಂತೆ! ನಕ್ಕು ನಕ್ಕು ನನ್ನ ಹೊಟ್ಟೆಗೆ ಕಟ್ಟಿದ ಬಟ್ಟೆ ಸಡಿಲವಾಯಿತು. ಅಷ್ಟು ದಿನಗಳಲ್ಲಿ ನಾನು ನಕ್ಕಿದ್ದು ಅದೇ ಮೊದಲು.

ಚಿಕ್ಕವ್ವ ಮಾತ್ರ ನಗಲಿಲ್ಲ, ಬೈಯಲೂ ಇಲ್ಲ. ಪಟಗಳನ್ನು ಮಡಿಲಲ್ಲಿಟ್ಟುಕೊಂಡು ಮೆಲ್ಲಗೆ ಹೇಳಿದರು: “ನಾನೂ ಇದೇ ಕೋಣೇಲಿ ಮಲಗಿದ್ದೆ ಕಣವ್ವ, ನೀನಿನ್ನೂ ಹುಟ್ಟಿರ್ನಿಲ್ಲ. ಕೂಸು ಉಳೀನಿಲ್ಲ. ಹೊರಗೆ ಒಂದು ಹಕ್ಕಿ ಕೂಗೋದು. ಅದು ಯಾವ ಹಕ್ಕಿ ಕಣಿ ಅಂತ ಕೇಳ್ತಿದ್ದೆ. ಇವ್ರು ಅಲ್ಲೇ ಹೊಸ್ಲಾಚೆ ಕೂತ್ಕಂಡು, ಗೊತ್ತಿಲ್ಲ ಕಣಮ್ಮಿ ಅಂತ ಅಳೋರು.”

ಹಿತ್ತಲಲ್ಲಿ ಯಾವುದೋ ಹಕ್ಕಿ ಸಂಜೆಯ ಕೊನೆಯ ರಾಗ ಎಳೆಯುತ್ತಿತ್ತು. ಚಿಕ್ಕವ್ವ ನನ್ನ ಕೂಸನ್ನೆತ್ತಿ ಎದೆಗೊರಗಿಸಿಕೊಂಡು, ಪರದೆಯತ್ತ ತಿರುಗಿ ಕೇಳಿದರು:

“ಈಗ ಕೂಗ್ತಾ ಇರೋದು ಯಾವ್ದು ಕಣಿ?”

“ಮಡಿವಾಳ ಹಕ್ಕಿ ಕಣಮ್ಮಿ” ಎಂದರು ಚಿಕ್ಕಪ್ಪ.