ಸಿದ್ದೇಶ್ವರನ ಪ್ರಗತಿಪರ ಸಂಗೀತ

ಅವಾಂತರಕ್ಕೆಲ್ಲ ಕಾರಣ ಒಂದೇ ಒಂದು ಶಬ್ದ. ಅದನ್ನು ಸಿದ್ದೇಶ್ವರ ಇಂಗ್ಲಿಷಿನಲ್ಲಿ ಹೇಳಿದ, ಕಾಂತರಾಜು ಕನ್ನಡದಲ್ಲಿ ಕೇಳಿಸಿಕೊಂಡ.

ಅರಕಲಗೂಡಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ಸಿದ್ದೇಶ್ವರನಿಗೆ ಹೆಂಡತಿ ಮಕ್ಕಳಿರಲಿಲ್ಲ. ಒಂದು ಕೀಬೋರ್ಡು, ಒಂದು ಹುಚ್ಚು, ಇಷ್ಟೇ ಸಂಸಾರ. ಹುಚ್ಚು ಎಂದರೆ, ಐವತ್ತು ವರ್ಷಗಳ ಹಿಂದೆ ಇಂಗ್ಲೆಂಡಿನ ಹುಡುಗರು ಕಟ್ಟಿದ ಪ್ರೊಗ್ರೆಸಿವ್ ರಾಕ್ ಎಂಬ ಸಂಗೀತ. ಒಂದೊಂದು ಹಾಡೂ ಅರ್ಧ ಗಂಟೆ. ತಾಳ ಏಳರಿಂದ ಐದಕ್ಕೆ, ಐದರಿಂದ ಒಂಬತ್ತಕ್ಕೆ ಹಾರುತ್ತಿತ್ತು. ಅದರ ಅಬ್ಬರವನ್ನೆಲ್ಲ ಕಳೆದು, ಮೂರೇ ಜನ ಕೂತು, ಒಬ್ಬರ ಮಾತಿಗೆ ಇನ್ನೊಬ್ಬರು ಮಾತು ಸೇರಿಸುವ ಹಾಗೆ ಜಾಜ್ ಶೈಲಿಯಲ್ಲಿ ನುಡಿಸಬೇಕೆಂಬುದು ಅವನ ಆಸೆ. ಅಂಗಡಿಗೆ ಬಂದವರಿಗೆಲ್ಲ ಆ ಹಾಡುಗಳನ್ನು ಕೇಳಿಸಿ ನೋಡಿದ್ದ. "ಸ್ಪೀಕರ್ ಓಗೈತೆ ಸಾ, ಬದ್ಲಾಯಿಸ್ಬುಡಿ" ಎಂದು ಗಿರಾಕಿಗಳೇ ಅವನಿಗೆ ಸಲಹೆ ಕೊಟ್ಟಿದ್ದರು.

ಕೊನೆಗೂ ಇಬ್ಬರು ಸಿಕ್ಕಿದರು. ಮದುವೆ ಬ್ಯಾಂಡಿನಲ್ಲಿ ಡ್ರಮ್ ಬಾರಿಸುವ ಮಂಚಯ್ಯ, ಹಾಸನದ ಕಾಲೇಜಿನಲ್ಲಿ ಪಾಠ ಮಾಡುತ್ತ ಬೇಸ್ ಗಿಟಾರ್ ನುಡಿಸುವ ಪ್ರೇಕ್ಷಾ. ಭಾನುವಾರ ಬಂತೆಂದರೆ ಅಂಗಡಿಯ ಶಟರ್ ಎಳೆದುಕೊಂಡು ಮೂವರೂ ಅಭ್ಯಾಸಕ್ಕೆ ಕೂರುವರು. ಉಳಿದ ದಿನವೆಲ್ಲ ಸಿದ್ದೇಶ್ವರ ಭಾನುವಾರಕ್ಕೆ ಕಾಯುವನು.

ಹೀಗಿರುವಾಗ ಮಲ್ಲಿಪಟ್ಟಣದ ಕಾಂತರಾಜು ಫೋನ್ ರಿಪೇರಿಗೆ ಬಂದ. ಕೀಬೋರ್ಡು ನೋಡಿ, "ಎಂಥ ಮ್ಯೂಜಿಕ್ ಸಾ ನಿಮ್ದು?" ಎಂದ.

"ಪ್ರೊಗ್ರೆಸಿವ್."

"ಪ್ರಗತಿಪರಾನಾ? ಸರೋಯ್ತು ಬುಡಿ! ನಮ್ಮೂರ ಗಂಗಾಧರಯ್ಯೋರು ಶುಂಠಿ ಬೆಳ್ದವ್ರಲ್ಲಾ, ಅವ್ರಿಗೆ ಪ್ರಗತಿಪರ ರೈತ ಅಂತ ಸನ್ಮಾನ ಮಡಗಿವ್ನಿ. ನೀವು ಬರ್ಲೇಬೇಕು."

ಕರೆಯುವವರೊಬ್ಬರು ಸಿಕ್ಕರಲ್ಲ ಎಂಬ ಖುಷಿಯಲ್ಲಿ ಸಿದ್ದೇಶ್ವರ ಅವನನ್ನು ತಿದ್ದದೆ ಒಪ್ಪಿಕೊಂಡ. ಸನ್ಮಾನದ ದಿನ ಸಮುದಾಯ ಭವನದ ಬಾಗಿಲಿನಲ್ಲೇ ಬ್ಯಾನರ್ ನಕ್ಕಿತು: 'ಪ್ರಗತಿಪರ ರೈತರಿಗೆ ಪ್ರಗತಿಪರ ಗೀತೆಗಳು.' ಸಿದ್ದೇಶ್ವರ ಒಂದು ಹೆಜ್ಜೆ ಹಿಂದೆ ಸರಿದ. ಆದರೆ ಒಳಗೆ ಕುರ್ಚಿಗಳೆಲ್ಲ ತುಂಬಿದ್ದವು. ಇಷ್ಟು ಜನರಲ್ಲಿ ಒಬ್ಬರಿಗಾದರೂ ಹಿಡಿಸದೆ ಹೋದೀತೇ ಎಂದು ಧೈರ್ಯ ತಂದುಕೊಂಡು ಶುರು ಮಾಡಿಯೇಬಿಟ್ಟ.

ಏಳರ ತಾಳ ಹದವಾಗಿ ಕೂತು, ಮೂವರದೂ ಒಂದೇ ಉಸಿರಾಗುವ ಹೊತ್ತಿಗೆ ಕಾಂತರಾಜು ಮೈಕು ಹಿಡಿದು ಬಂದ. "ಸೆಟ್ಟಿಂಗ್ ಮಾಡ್ಕಂಡಿದ್ದು ಸಾಕು ಸಾ, ಹಾಡು ಶುರು ಮಾಡಿ."

"ಇದೇ ಹಾಡು."

"ಮತ್ತೆ ಹಾಡೋರೆಲ್ಲಿ?"

"ಹಾಡೋರಿಲ್ಲ. ವಾದ್ಯ ಮಾತ್ರ."

ಕಾಂತರಾಜು ಸಭೆಯ ಕಡೆ ತಿರುಗಿದ. "ಹಾಡೋರು ಇನ್ನೂ ದಾರೀಲವ್ರಂತೆ. ಅಲ್ಲೀಗಂಟ ಇವ್ರು ಇಂಗೇ ಏನಾರ ಬಾರಿಸ್ತಾ ಇರ್ತಾರೆ!"

ಬಾರಿಸುವುದೆಂದರೆ ಕುಣಿಯುವುದಕ್ಕೆ ಎಂದುಕೊಂಡು ಊರಿನ ಪಡ್ಡೆ ಹುಡುಗರು ವೇದಿಕೆ ಹತ್ತಿದರು. ತಾಳ ಏಳಕ್ಕೇ ಮುಗಿದು, ಎಂಟನೇ ಹೆಜ್ಜೆಗೆ ಕಾಲೆತ್ತಿದರೆ ಅಲ್ಲಿ ಏಟೇ ಇಲ್ಲ! ಕತ್ತಲೆಯಲ್ಲಿ ಇಲ್ಲದ ಮೆಟ್ಟಿಲು ತುಳಿದವರಂತೆ ಎಲ್ಲರೂ ಮುಗ್ಗರಿಸಿದರು. ಒಬ್ಬ ಹೋಗಿ ಗಂಗಾಧರಯ್ಯನವರ ಮಡಿಲಲ್ಲೇ ಕೂತ. ಸನ್ಮಾನದ ಪೇಟ ಉರುಳಿಕೊಂಡು ಮಂಚಯ್ಯನ ಡ್ರಮ್ಮಿನ ಕೆಳಗೆ ಸೇರಿತು.

"ಯಾರ್ಲಾ ಇವ್ರನ್ನ ಕರ್ಸಿದ್ದು?" ಎಂದು ಗಂಗಾಧರಯ್ಯ ಗುಡುಗುವಷ್ಟರಲ್ಲಿ, ಊಟಕ್ಕೆ ಎಲೆ ಹಾಕಾಯ್ತು ಎಂದು ಯಾರೋ ಕೂಗಿದರು. ತೂಬು ತೆಗೆದ ಕೆರೆಯಂತೆ ಭವನ ಬರಿದಾಯಿತು.

"ನಾವೂ ಎದ್ಬುಡನಾ ಸಾ?" ಎಂದ ಮಂಚಯ್ಯ.

ಸಿದ್ದೇಶ್ವರ ತಲೆ ಎತ್ತಿದ. ಖಾಲಿ ಕುರ್ಚಿಗಳ ನಡುವೆ, ಕೊನೆಯ ಸಾಲಿನಲ್ಲಿ, ವಯಸ್ಸಾದ ಹೆಂಗಸೊಬ್ಬರು ಕಣ್ಣು ಮುಚ್ಚಿ ಕೂತಿದ್ದರು. ಅವರ ಬೆರಳು ತೊಡೆಯ ಮೇಲೆ ತಾಳ ಎಣಿಸುತ್ತಿತ್ತು.

"ಮಂಚಯ್ಯ, ನಿಲ್ಲಿಸ್ಬೇಡ" ಎಂದ.

ತಾಳ ಏಳಿದ್ದದ್ದು ಐದಾಯಿತು. ಆ ಬೆರಳೂ ಐದಕ್ಕೆ ಬಂತು. ಒಂಬತ್ತಾಯಿತು, ಬೆರಳು ಒಂಬತ್ತಕ್ಕೇ ಮಡಚಿತು. ಇಷ್ಟು ವರ್ಷ ಗೋಡೆಗಳಿಗೆ ನುಡಿಸಿದ್ದವನಿಗೆ ಮೊದಲ ಸಲ ಎದುರಿನಿಂದ ಯಾರೋ ಓಗೊಟ್ಟಂತಾಯಿತು. ಆ ಒಬ್ಬರಿಗಾಗಿ ಇಡೀ ಹಾಡು ನುಡಿಸಿದ. ಮುಗಿದಾಗ ಅವನ ಕನ್ನಡಕ ಮಂಜಾಗಿತ್ತು.

ಆಕೆ ಮೆಲ್ಲಗೆ ವೇದಿಕೆಯ ಬಳಿ ಬಂದರು. ರುದ್ರಪಟ್ಟಣದ ಲಕ್ಷ್ಮಿದೇವಮ್ಮ, ಪಿಟೀಲು ನುಡಿಸುವವರು; ನೆಂಟರ ಮನೆಗೆಂದು ಬಂದಿದ್ದರು.

"ಇಂಥದ್ದನ್ನ ನಾನು ಕೇಳೇ ಇರ್ಲಿಲ್ಲಪ್ಪ. ಯಾರ ಯೋಚನೆ ಇದು?"

"ನಂದೇ ಅಮ್ಮ."

"ನಮ್ಮೂರ ಸಂಗೀತೋತ್ಸವದಲ್ಲಿ ಇದು ಆಗ್ಲೇಬೇಕು."

"ಬರ್ತೀವಮ್ಮ, ಮೂರೂ ಜನ!"

"ಹೂಂ, ಮೂರೇ ಜನ ಸಾಕು. ಇವರಿಬ್ಬರು, ಜೊತೆಗೆ ನನ್ನ ಪಿಟೀಲು." ಆಕೆ ಕೀಬೋರ್ಡನ್ನು ಕರುಣೆಯಿಂದ ನೋಡಿದರು. "ಬೇಜಾರು ಮಾಡ್ಕೋಬೇಡಿ. ಈ ಪೆಟ್ಟಿಗೇಲಿ ಸ್ವರ ಬಾಗಲ್ಲ, ಗಮಕ ಬರಲ್ಲ. ಭಾನುವಾರದಿಂದ್ಲೇ ನಮ್ಮನೇಲಿ ಅಭ್ಯಾಸ ಇಟ್ಕೊಳ್ಳೋಣ."

ಪ್ರೇಕ್ಷಾ ತಲೆ ತಗ್ಗಿಸಿ ತಂತಿ ಬಿಗಿ ಮಾಡತೊಡಗಿದಳು. ಮಂಚಯ್ಯ ಸಿದ್ದೇಶ್ವರನ ಹತ್ತಿರ ಸರಿದು ಪಿಸುಗುಟ್ಟಿದ: "ಬ್ಯಾಂಡ್‌ನೋನ್ನ ಕಚೇರೀಲಿ ಯಾರ್ ಸಾ ಕೂರುಸ್ತಾರೆ? ಓಗ್ಲಾ?"

ಅವನ ಮುಖದಲ್ಲಿದ್ದ ಆಸೆ ನೋಡಿ ಸಿದ್ದೇಶ್ವರನಿಗೆ ಬೇಡವೆನ್ನಲು ಬಾಯಿ ಬರಲಿಲ್ಲ. "ಹೋಗಯ್ಯ" ಎಂದು ಕೀಬೋರ್ಡಿನ ವೈರು ಸುತ್ತತೊಡಗಿದ.

ಬಾಗಿಲವರೆಗೆ ಹೋದ ಲಕ್ಷ್ಮಿದೇವಮ್ಮ ಏನೋ ನೆನಪಾದವರಂತೆ ತಿರುಗಿದರು.

"ಉತ್ಸವಕ್ಕೆ ನೀವೂ ತಪ್ಪದೆ ಬನ್ನಿ, ಮುಂದಿನ ಸಾಲಲ್ಲೇ ಕೂರಿಸ್ತೀನಿ. ಇದನ್ನೆಲ್ಲ ಅರ್ಥ ಮಾಡ್ಕೊಂಡು ಕೇಳೋಕೆ ಒಬ್ಬರಾದ್ರೂ ಬೇಕಲ್ಲಪ್ಪ!"