ಬೀಗರ ಮುಂದೆ ಜೋಡಿನಳಿಕೆ

ನಮ್ಮ ಮನೆತನದಲ್ಲಿ ಮೂರು ತಲೆಮಾರಿನಿಂದ ಬಂದೂಕು ಇದೆ ಎಂಬ ಮಾತು ನೂರಕ್ಕೆ ನೂರು ಸತ್ಯ. ಅಜ್ಜ ಅದನ್ನು ಹೊಡೆಯುತ್ತಿದ್ದರು. ಅಪ್ಪ ಅದನ್ನು ಗೋಡೆಗೆ ತೂಗುಹಾಕಿದರು. ನಾನು ಅಮಾವಾಸ್ಯೆಗೊಮ್ಮೆ ಅದರ ಧೂಳು ಒರೆಸುತ್ತಿದ್ದೆ. ಹಾನಗಲ್ಲಿನಲ್ಲಿ ಬಟ್ಟೆ ಅಂಗಡಿ ನಡೆಸುವವನಿಗೆ ಇಷ್ಟು ಶೌರ್ಯ ಸಾಕು.

ಆದರೆ ನಮ್ಮ ಮಗಳನ್ನು ನೋಡಲು ಹಿರೇಕೆರೂರಿನಿಂದ ಬಂದ ಹುಡುಗನ ತಂದೆ ವೀರಭದ್ರಪ್ಪನವರು ಸೈನ್ಯದಿಂದ ನಿವೃತ್ತರಾದ ಸುಬೇದಾರರು. ಅವಲಕ್ಕಿ ತಿನ್ನುತ್ತಲೇ ಗೋಡೆಯ ಬಂದೂಕು ನೋಡಿ, ಗುರಿ ಹೇಗಿದೆ ಎಂದು ಕೇಳಿದರು. ಇಟ್ಟ ಗುರಿ ತಪ್ಪುವ ಮನೆತನ ನಮ್ಮದಲ್ಲ ಎಂದೆ. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಗಿರಿಜಾ ಒಮ್ಮೆ ನನ್ನ ಮುಖ ನೋಡಿ ಒಳಗೆ ಹೋದಳು. ಇಪ್ಪತ್ತಾರು ವರ್ಷಗಳಲ್ಲಿ ನಾನು ಕಲ್ಲೆಸೆದು ಒಂದು ಮಾವಿನಕಾಯಿ ಕೆಡವಿದ್ದನ್ನೂ ಆಕೆ ಕಂಡಿರಲಿಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ ಸಂಬಂಧವೂ ಭುಜವೂ ಸುಖವಾಗಿರುತ್ತಿದ್ದವು. ಅಜ್ಜನ ಬಂದೂಕು ತುಕ್ಕು ಹಿಡಿದು ಉಪಯೋಗಕ್ಕೆ ಬಾರದಂತಾಗಿತ್ತು. ತಿಳವಳ್ಳಿಯ ನಮ್ಮ ಗೋವಿನಜೋಳದ ಹೊಲಕ್ಕೆ ಹಂದಿಗಳು ಬರುತ್ತಿದ್ದವು. ಲೈಸೆನ್ಸ್ ಹೇಗೂ ನನ್ನ ಹೆಸರಿನಲ್ಲಿತ್ತು. ಹುಬ್ಬಳ್ಳಿಯ ಬಂದೂಕಿನ ಅಂಗಡಿಗೆ ಹೋಗಿ ಎರಡು ನಳಿಕೆಯ ಭಾರೀ ರೈಫಲ್ ತಂದುಬಿಟ್ಟೆ. ಇದನ್ನು ಆನೆಯಂಥ ಪ್ರಾಣಿಗೆಂದು ಮಾಡಿದ್ದು, ಸಣ್ಣದು ತೆಗೆದುಕೊಳ್ಳಿ ಎಂದು ಅಂಗಡಿಯವರು ಎರಡು ಸಲ ಹೇಳಿದರು. ಆನೆಗೆ ಸಾಕಾಗುವುದು ಹಂದಿಗೆ ಕಡಿಮೆ ಬೀಳಲಾರದು ಎಂದು ನಾನು ವಾದಿಸಿದೆ.

ಗಿರಿಜಾ ಅದನ್ನು ಸುತ್ತು ಹಾಕಿ ನೋಡಿ, "ತಿಳವಳ್ಳ್ಯಾಗ ಆನಿ ಎಲ್ಲಿ ಅದಾವ್ರಿ?" ಎಂದಳು.

ಅಷ್ಟರಲ್ಲಾಗಲೇ ಸುದ್ದಿ ಹಿರೇಕೆರೂರು ಮುಟ್ಟಿತ್ತು. ಸುಬೇದಾರರು ಫೋನ್ ಮಾಡಿ, ಹೊಸ ರೈಫಲನ್ನು ಪರೀಕ್ಷಿಸದೆ ಮನೆಯಲ್ಲಿ ಇಡಬಾರದು, ಶಿಗ್ಗಾಂವಿ ಕಡೆ ಗುಡ್ಡದ ಕೆಳಗೆ ರೈಫಲ್ ಕ್ಲಬ್ಬಿನವರ ಮೈದಾನವಿದೆ, ಭಾನುವಾರ ಬೆಳಿಗ್ಗೆ ತಾವೂ ಬರುವುದಾಗಿ ಹೇಳಿದರು. ನಿಮ್ಮ ಕೈಚಳಕ ನೋಡಿದಂತೆಯೂ ಆಗುತ್ತದೆ ಎಂದರು. ನಿಶ್ಚಿತಾರ್ಥದ ಮಾತು ಇನ್ನೂ ಮುಗಿದಿರಲಿಲ್ಲ. ಇಲ್ಲ ಎನ್ನುವ ಬಾಯಿ ಎಲ್ಲಿಂದ ತರಲಿ?

ಮೂರು ದಿನ ಮಾಳಿಗೆಯ ಮೇಲೆ ಒನಕೆ ಹಿಡಿದು ಅಭ್ಯಾಸ ಮಾಡಿದೆ. ಒನಕೆ ನನ್ನ ಕೈಯಲ್ಲಿ ಬಹಳ ವಿಧೇಯವಾಗಿತ್ತು. ಪಕ್ಕದ ಮನೆಯವರು ಗಿರಿಜಾಳನ್ನು ಕರೆದು, ಯಜಮಾನರಿಗೆ ಹುಷಾರಿಲ್ಲವೇ ಎಂದು ವಿಚಾರಿಸಿದರಂತೆ.

ಮೈದಾನದ ಉಸ್ತುವಾರಿ ಸವಣೂರಿನ ಇಮಾಮಸಾಬರದು. ನಮ್ಮ ಪಕ್ಕದ ಸಾಲಿನಲ್ಲಿ ಅವರದೇ ಊರಿನ ರುಕ್ಸಾನಾ ಎಂಬ ಕಾಲೇಜು ಹುಡುಗಿ ಚಾಪೆಯ ಮೇಲೆ ಮಲಗಿ ಪುಟ್ಟ ರೈಫಲಿನಿಂದ ಗುರಿಯ ಕಾರ್ಡಿಗೆ ಹೊಡೆಯುತ್ತಿದ್ದಳು. ಅವಳಿಗೆ ಅಂದು ಜಿಲ್ಲಾ ತಂಡದ ಆಯ್ಕೆ ಪರೀಕ್ಷೆ. ಭುಜಕ್ಕೆಂದು ಗಿರಿಜಾ ಮಡಚಿ ಕೊಟ್ಟ ಟವೆಲ್ಲನ್ನು ನಾನು ಬೀಗರ ಕಣ್ಣಿಗೆ ಬೀಳದಂತೆ ಕಾರಿನಲ್ಲೇ ಬಿಟ್ಟೆ. ಕಿವಿಗೆ ಮಾತ್ರ ದಪ್ಪ ಮುಚ್ಚಳ ಹಾಕಿಕೊಂಡೆ.

ಅದೇ ತಪ್ಪಾದದ್ದು. ಇಮಾಮಸಾಬರು ನನ್ನ ಬೆರಳು ತೋರಿಸಿ ಏನೋ ಹೇಳಿದರು. ಕೇಳಿಸಲಿಲ್ಲ. ಅಂಗಡಿಯಲ್ಲಿ ಗಿರಾಕಿಯ ಮಾತು ಕೇಳಿಸದಿದ್ದಾಗ ತಲೆಯಾಡಿಸುವಂತೆ ತಲೆಯಾಡಿಸಿದೆ. ಈ ರೈಫಲಿಗೆ ಎರಡು ಟ್ರಿಗರ್ ಇವೆ, ಒಂದರ ಮೇಲಷ್ಟೇ ಬೆರಳಿಡಿ ಎಂದು ಅವರು ಹೇಳಿದ್ದರೆಂಬುದು ನನಗೆ ನಂತರ ತಿಳಿಯಿತು. ನಾನು ಯಾವುದಕ್ಕೂ ಇರಲಿ ಎಂದು ಎರಡರ ಮೇಲೂ ಬೆರಳಿಟ್ಟಿದ್ದೆ.

ಎರಡೂ ನಳಿಕೆಯಿಂದ ಒಂದೇ ಸಲ ಗುಂಡು ಹಾರಿತು. ಗುಂಡುಗಳು ಮುಂದೆ ಹೋದವು. ನಾನು ಹಿಂದೆ ಹೋದೆ. ನನ್ನ ನಿಲುವು ಪರೀಕ್ಷಿಸಲು ಬೆನ್ನ ಹಿಂದೆಯೇ ನಿಂತಿದ್ದ ಸುಬೇದಾರರು ನನ್ನೊಂದಿಗೆ ನೆಲಕ್ಕುರುಳಿದರು. ಕಣ್ಣು ಬಿಟ್ಟಾಗ, ಸಂಬಂಧ ಕೂಡುವ ಮೊದಲೇ, ನಾನು ಬೀಗರ ತೊಡೆಯ ಮೇಲೆ ಕುಳಿತಿದ್ದೆ. ಕಿವಿಯ ಮುಚ್ಚಳ ಎಲ್ಲೋ ಉರುಳಿತ್ತು. ಬಲಗೈ ನನ್ನದೆಂದು ನೋಡಿಯೇ ತಿಳಿದುಕೊಳ್ಳಬೇಕಿತ್ತು.

ಸುಬೇದಾರರು ಧೂಳು ಕೊಡವಿಕೊಂಡು ಎದ್ದು ದುರ್ಬೀನಿಗೆ ಕಣ್ಣು ಹಚ್ಚಿದರು. ಅವರ ಮುಖ ಅರಳಿತು.

"ನಟ್ಟನಡುವ ಹೊಡದೀರಲ್ಲರಿ ಬೀಗರ."

ಎಲ್ಲಾ ದೇವರ ದಯೆ ಎಂದೆ. ಅವರು ಮೊದಲ ಬಾರಿಗೆ ನನ್ನನ್ನು ಬೀಗರೆಂದಿದ್ದರು. ನೋವಿನಲ್ಲೂ ಎದೆ ಉಬ್ಬಿತು. ಆಗ ರುಕ್ಸಾನಾ ಹತ್ತಿರ ಬಂದು ಮೆಲ್ಲಗೆ, "ಅಂಕಲ್, ಅದು ನನ್ನ ಕಾರ್ಡ್ ಐತ್ರಿ" ಎಂದಳು.

ನನ್ನ ಗುರಿಯ ಕಾಗದ ಮದುವೆ ಪತ್ರಿಕೆಯಷ್ಟು ಸ್ವಚ್ಛವಾಗಿತ್ತು. ಒಂದು ಗುಂಡು ಮಣ್ಣಿನ ದಿಬ್ಬ ಸೇರಿತ್ತು. ಇನ್ನೊಂದು ಆ ಹುಡುಗಿಯ ಕಾರ್ಡಿನ ನಡುವೆ ಬೋಗುಣಿಯಂಥ ತೂತು ಕೊರೆದು, ಅವಳು ಬೆಳಗಿನಿಂದ ಉಸಿರು ಹಿಡಿದು ಹೊಡೆದ ಸಣ್ಣ ತೂತುಗಳನ್ನೆಲ್ಲ ನುಂಗಿತ್ತು. ಇಮಾಮಸಾಬರು ನಿಯಮ ತಿಳಿಸಿದರು. ತಪ್ಪು ಗುರಿಗೆ ಹೊಡೆದವರು ಬರೆದುಕೊಟ್ಟರೆ ಅವಳಿಗೆ ಇನ್ನೊಂದು ಕಾರ್ಡು ಸಿಗುತ್ತದೆ. ಇಲ್ಲದಿದ್ದರೆ ಅವಳ ಪರೀಕ್ಷೆ ಅಲ್ಲಿಗೇ ಮುಗಿಯಿತು.

ನಾನು ಸುಬೇದಾರರನ್ನು ನೋಡಿದೆ. ಹುಡುಗಿಯನ್ನು ನೋಡಿದೆ. ಅವಳ ಕಣ್ಣು ತುಂಬಿತ್ತು. ನಮ್ಮ ಮಗಳ ವಯಸ್ಸಿನವಳು. ಬರೆದುಕೊಡುತ್ತೇನೆ ಎಂದೆ. ಆದರೆ ಬಲಗೈ ಪೆನ್ನು ಹಿಡಿಯಲು ಒಪ್ಪಲಿಲ್ಲ. ಕೊನೆಗೆ ಸುಬೇದಾರರೇ ರಿಜಿಸ್ಟರ್ ಎಳೆದುಕೊಂಡು, ಹೇಳ್ರಿ ಎಂದರು.

ಹೇಳಿದೆ. "ಮಾನ್ಯರೆ, ಕೆಳಗೆ ಸಹಿ ಮಾಡಿದ ನಾನು ಇಂದು ನನಗೆ ನೇಮಿಸಿದ ಗುರಿಯನ್ನು ಬಿಟ್ಟು ನೆರೆಯವರ ಗುರಿಗೆ ಹೊಡೆದಿರುತ್ತೇನೆ. ಇದರಲ್ಲಿ ಸದರಿ ಹುಡುಗಿಯ ತಪ್ಪು ಏನೂ ಇರುವುದಿಲ್ಲ."

ಅವರು ಪೆನ್ನು ನಿಲ್ಲಿಸಿ ಕೇಳಿದರು. "ಖರೇ ಹೇಳ್ರಿ. ಇದಕ್ಕಿಂತ ಮೊದಲ ಎಂದರ ಬಂದೂಕು ಹೊಡದೀರೇನು?"

"ಇಲ್ಲರಿ. ಹೊಡದವರು ನಮ್ಮ ಅಜ್ಜ ಒಬ್ಬರ."

ಅದನ್ನೂ ಬರೆದುಕೊಂಡರು. ನಾನು ಎಡಗೈಯಲ್ಲಿ ಸೊಟ್ಟ ಸಹಿ ಹಾಕಿದೆ. ರುಕ್ಸಾನಾ ಹೊಸ ಕಾರ್ಡು ಪಡೆದು ಮತ್ತೆ ಚಾಪೆಯ ಮೇಲೆ ಮಲಗಿದಳು. ಅವಳು ಮುಗಿಸುವವರೆಗೆ ಮೈದಾನದಲ್ಲಿ ಯಾರೂ ಬಂದೂಕು ಮುಟ್ಟಬಾರದೆಂದು ಇಮಾಮಸಾಬರು ಆಜ್ಞೆ ಹೊರಡಿಸಿದರು. ಹೇಳುವಾಗ ಅವರು ನನ್ನೊಬ್ಬನನ್ನೇ ನೋಡುತ್ತಿದ್ದರು. ಅವಳು ಆಯ್ಕೆಯಾದಳು.

ಸುಬೇದಾರರೇ ಕಾರು ನಡೆಸಿಕೊಂಡು ಹಾನಗಲ್ಲಿಗೆ ಬಂದರು. ಸಂಬಂಧ ಮುರಿಯಿತೆಂದೇ ನಾನು ನಿರ್ಧರಿಸಿದ್ದೆ. ಗಿರಿಜಾ ನೀರು ಕೊಟ್ಟಾಗ ಅವರು ಗಂಭೀರವಾಗಿ ತೀರ್ಪು ಕೊಟ್ಟರು.

"ಲಗೂನ ಮುಹೂರ್ತ ನೋಡಸ್ರಿ ತಂಗಿ. ಈ ಮಾವನ ಕೈಯಾಗ ನಮ್ಮ ಹುಡುಗಗ ಏನೂ ಅಪಾಯ ಇಲ್ಲ. ಬಾಜೂಕ ಮಾತ್ರ ನಿಂದರಬಾರದು."

ನಿಶ್ಚಿತಾರ್ಥದ ದಿನ ಬೀಗರಿಗೆ ಬಲಗೈಯಿಂದ ತಾಂಬೂಲ ಕೊಡಬೇಕು. ನನ್ನದು ಸೊಂಟದಿಂದ ಮೇಲೆ ಏಳುತ್ತಿರಲಿಲ್ಲ. ಸುಬೇದಾರರೇ ನನ್ನ ಸೊಂಟದವರೆಗೆ ಬಗ್ಗಿ ಅದನ್ನು ತೆಗೆದುಕೊಂಡರು. ಎಂಥ ವಿನಯವಂತರು ಎಂದು ನಮ್ಮ ಬಳಗದವರೆಲ್ಲ ಮೆಚ್ಚಿಕೊಂಡರು. ಕೈಗೆ ಏನಾಯಿತೆಂದು ಕೇಳಿದವರಿಗೆ ನಾನು ಬೈಕಿನಿಂದ ಬಿದ್ದೆನೆಂದು ಹೇಳುತ್ತಿದ್ದೆ. ನನ್ನ ಹಿಂದೆಯೇ ಬರುತ್ತಿದ್ದ ಗಿರಿಜಾ ನಿಜ ಹೇಳುತ್ತಿದ್ದಳು. ಕೇಳದವರಿಗೂ ಹೇಳುತ್ತಿದ್ದಳು.