‘ಪಾಸ್’ ಎಂಬ ಪದವನ್ನು ಬಾಯಿಂದ ಹೊರಡಿಸುವ ಮುನ್ನ ಪಾಲಿಸತಕ್ಕ ಕ್ರಮಗಳು

ಸಂಖ್ಯೆ: ಹಕಶಾ/ಪಾಸ್/೧೧

ವಿಷಯ: ಹಳೇ ಕಡತಗಳ ಶಾಖೆಯ ಹಿರಿಯ ಗುಮಾಸ್ತರು ಪಾಸಾದ ಬಗ್ಗೆ.

ಉಲ್ಲೇಖ: ೧) ಸದರಿಯವರ ಮಗಳ ದೂರವಾಣಿ ಕರೆ, ಸೋಮವಾರ. ೨) ಸಂತಾಪ ನಿರ್ಣಯ, ಮಂಗಳವಾರ. ೩) ಸದರಿಯವರ ಖುದ್ದು ಹಾಜರಿ, ಅದೇ ಮಂಗಳವಾರ.

ಸದರಿ ಗುಮಾಸ್ತರು ಇಲಾಖಾ ಪರೀಕ್ಷೆಗೆ ಎಂಟು ಬಾರಿ ಕುಳಿತು ಎಂಟು ಬಾರಿಯೂ ಬರಿಗೈಲಿ ಎದ್ದು ಬಂದವರು. ಒಂಬತ್ತನೆಯ ಫಲಿತಾಂಶ ನೋಡಲು ಸೋಮವಾರ ರಜೆಯಲ್ಲಿದ್ದರು. ಅಂದು ಹನ್ನೊಂದಕ್ಕೆ ಅವರ ಮಗಳು ಕಛೇರಿಗೆ ಫೋನ್ ಮಾಡಿ, ಬಿಕ್ಕುತ್ತಾ, “ಅಪ್ಪ ಪಾಸಾಗ್ಬಿಟ್ರು. ಅಮ್ಮ ಒಂದೇ ಸಮ ಅಳ್ತಿದಾರೆ” ಎಂದರು. “ಅಯ್ಯೋ, ಎಷ್ಟೊತ್ತಿಗಮ್ಮ?” ಎಂದು ಬೆರಳಚ್ಚುಗಾರ್ತಿ ಕೇಳಲಾಗಿ, “ಈಗ್ತಾನೆ. ಇಷ್ಟು ವರ್ಷ ಒದ್ದಾಡಿದ್ರು, ಕೊನೆಗೂ ಬಿಡುಗಡೆ ಆಯ್ತು” ಎಂಬ ಉತ್ತರ ಬಂದಿರುತ್ತದೆ. ಅದು ಆನಂದಬಾಷ್ಪವೆಂದು ಫೋನಿನಲ್ಲಿ ಕಾಣುವಂತಿರಲಿಲ್ಲವಾದ್ದರಿಂದ ಬೆರಳಚ್ಚುಗಾರ್ತಿಯವರದು ಕರ್ತವ್ಯಲೋಪವಲ್ಲ.

ಸಂಜೆಯೊಳಗೆ ಸದರಿಯವರ ಕುರ್ಚಿಯನ್ನು ಲೆಕ್ಕ ಶಾಖೆಯವರೂ ಟೇಬಲ್ ಫ್ಯಾನನ್ನು ಸಿಬ್ಬಂದಿ ಶಾಖೆಯವರೂ ದುಃಖದಿಂದ ಎತ್ತಿಕೊಂಡು ಹೋದರು.

ಮಂಗಳವಾರ ಸಂತಾಪ ಸಭೆ. ಸದರಿಯವರು ಸಿಹಿಯ ಪೊಟ್ಟಣ ಹಿಡಿದು ಬಂದಾಗ ಎಲ್ಲರೂ ತಲೆ ತಗ್ಗಿಸಿ ನಿಂತಿದ್ದರು. ತಾವೂ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ನಿಂತು, “ಯಾರಪ್ಪಾ ಹೋಗಿದ್ದು?” ಎಂದು ಕಾವಲುಗಾರರನ್ನು ಪಿಸುದನಿಯಲ್ಲಿ ಕೇಳಿದರು. “ನೀವೇ ಸಾರ್” ಎಂದು ಕಾವಲುಗಾರರು ತಲೆ ಎತ್ತದೆ ತಿಳಿಸಿದರು.

ಅಷ್ಟರಲ್ಲಿ ಅಧೀಕ್ಷಕರು ನಿರ್ಣಯ ಓದತೊಡಗಿದ್ದರು: ‘ಯಾವ ಕಡತ ಕೇಳಿದರೂ ಅರ್ಧ ಗಂಟೆಯಲ್ಲಿ ಹುಡುಕಿ ತರುತ್ತಿದ್ದರು. ಯಾರ ಮೇಲೂ ದನಿ ಏರಿಸದವರಾಗಿದ್ದರು. ಈ ಕಛೇರಿಯ ಬೆನ್ನೆಲುಬಾಗಿದ್ದರು.’ ಮೂವತ್ತೊಂದು ವರ್ಷಗಳಲ್ಲಿ ಅಧೀಕ್ಷಕರಿಂದ ಸದರಿಯವರಿಗೆ ಸಂದಿದ್ದು ಎರಡು ಮೆಮೊ ಮಾತ್ರ. ಸದರಿಯವರು ಕನ್ನಡಕ ತೆಗೆದು ಒರೆಸಿಕೊಂಡು ಕೊನೆಯವರೆಗೂ ಕೇಳಿದರು. ತಾವು ಬದುಕಿರುವ ಬಗ್ಗೆ ಸಕಾಲದಲ್ಲಿ ಆಕ್ಷೇಪಣೆ ಸಲ್ಲಿಸಿರುವುದಿಲ್ಲ.

ಆದ ಕಾರಣ ಸಮಸ್ತ ಸಿಬ್ಬಂದಿಗೆ ಅಪ್ಪಣೆ ಮಾಡುವುದೇನೆಂದರೆ:

೧. ಪರೀಕ್ಷೆಯಲ್ಲಿ ಪಾಸಾದವರನ್ನು ‘ಉತ್ತೀರ್ಣ’ರೆಂದೂ, ಲೋಕದಿಂದ ಪಾಸಾದವರನ್ನು ‘ತೀರಿಕೊಂಡವ’ರೆಂದೂ ಬರೆಯತಕ್ಕದ್ದು. ಎರಡರಲ್ಲೂ ‘ತೀರುವಿಕೆ’ ಇರುವುದು ಗಮನಕ್ಕೆ ಬಂದಿದ್ದು, ಪರಿಶೀಲನೆಯಲ್ಲಿದೆ.

೨. ಬಸ್ ಪಾಸ್, ಗೇಟ್ ಪಾಸ್ ಹೊಂದಿದವರು ‘ಪಾಸ್ ಇದೆ’ ಎನ್ನಬಹುದು. ‘ಪಾಸ್ ಆಗಿದೆ’ ಎನ್ನಕೂಡದು.

೩. ಅರ್ಜಿ ಪಾಸಾಗುವಷ್ಟರಲ್ಲಿ ಅರ್ಜಿದಾರರೇ ಪಾಸಾಗಿದ್ದಲ್ಲಿ, ಯಾವ ಪಾಸ್ ಮೊದಲಾಯಿತೆಂದು ಅಂಚಿನಲ್ಲಿ ಷರಾ ಬರೆಯತಕ್ಕದ್ದು.

೪. ಟೈಮ್ ಪಾಸ್ ಮಾಡುವವರು, ಟೈಮ್ ತಾನಾಗಿ ಪಾಸಾಯಿತೇ ಅಥವಾ ಮಾಡಬೇಕಾಯಿತೇ ಎಂಬುದನ್ನು ಹಾಜರಿ ಪುಸ್ತಕದಲ್ಲಿ ನಮೂದಿಸತಕ್ಕದ್ದು. ಕಡತವನ್ನು ಚೆಂಡಿನಂತೆ ಮೇಜಿನಿಂದ ಮೇಜಿಗೆ ಪಾಸ್ ಮಾಡುವುದು ಎಂದಿನಂತೆ ಮುಂದುವರಿಯುವುದು.

೫. ಅಳುತ್ತಾ ‘ಪಾಸ್’ ಎಂದವರನ್ನು “ಯಾವ ಸಬ್ಜೆಕ್ಟು?” ಎಂದು ಕೇಳತಕ್ಕದ್ದು. ಉತ್ತರ ಬಾರದಿದ್ದಲ್ಲಿ ಮಾತ್ರ ಹೂವಿಗೆ ಹೇಳಿ ಕಳಿಸತಕ್ಕದ್ದು.

೬. ಸದರಿಯವರ ಕುರ್ಚಿ ವಾಪಸಾಗಿದೆ. ಸಂತಾಪ ನಿರ್ಣಯವನ್ನು ರದ್ದುಪಡಿಸಲು ಅಧೀಕ್ಷಕರು ಮುಂದಾದಾಗ ಸದರಿಯವರು, “ಕ್ಯಾನ್ಸಲ್ ಮಾಡ್ಬೇಡಿ ಸಾರ್. ಒಂದು ಕಾಪಿ ಕೊಡಿ, ಮನೇಲಿ ತೋರಿಸ್ಬೇಕು” ಎಂದು ಮೌಖಿಕವಾಗಿ ಕೋರಿದ್ದಾರೆ. ಅಧೀಕ್ಷಕರು ನಿರ್ಣಯವನ್ನು ಎರಡು ಬಾರಿ ಓದಿ, ‘ತರುತ್ತಿದ್ದರು’ ಎಂಬಲ್ಲಿ ‘ತರುತ್ತಾರೆ’ ಎಂದೂ, ‘ಏರಿಸದವರಾಗಿದ್ದರು’ ಎಂಬಲ್ಲಿ ‘ಏರಿಸದವರಾಗಿದ್ದಾರೆ’ ಎಂದೂ, ‘ಬೆನ್ನೆಲುಬಾಗಿದ್ದರು’ ಎಂಬಲ್ಲಿ ‘ಬೆನ್ನೆಲುಬಾಗಿದ್ದಾರೆ’ ಎಂದೂ ಸ್ವಹಸ್ತದಿಂದ ತಿದ್ದಿರುತ್ತಾರೆ. ಉಳಿದಂತೆ ನಿರ್ಣಯವು ಊರ್ಜಿತದಲ್ಲಿರುತ್ತದೆ.

ಸಹಿ/-
ಅಧೀಕ್ಷಕರು

ಪ್ರತಿಗಳು:

೧. ಸಿಬ್ಬಂದಿ ಶಾಖೆಗೆ, ಫ್ಯಾನಿನ ಬಗ್ಗೆ ಮೂರನೆಯ ನೆನಪೋಲೆಯಾಗಿ.

೨. ಹೂವಿನ ಅಂಗಡಿಯವರಿಗೆ, ಹೂಗುಚ್ಛ ವಾಪಸ್ ಪಡೆಯುವ ಕೋರಿಕೆಯೊಂದಿಗೆ.

೩. ಸದರಿ ಗುಮಾಸ್ತರಿಗೆ, ತಿದ್ದಿದ ನಿರ್ಣಯ ಸಹಿತ.

೪. ಬದುಕಿರುವಾಗಲೇ ತಮಗೂ ಸಂತಾಪ ಸೂಚಿಸುವಂತೆ ಅರ್ಜಿ ಸಲ್ಲಿಸಿರುವ ಹದಿನಾಲ್ಕು ನೌಕರರಿಗೆ: ಸೇವಾ ಹಿರಿತನದಂತೆ ಪರಿಗಣಿಸಲಾಗುವುದು.